ಶಾಲೆಗೆ ಹೋಗದ ಮೇಷ್ಟರ ಮೊಮ್ಮಕ್ಕಳು

ಕಳೆದ ವರ್ಷ ಬೇಸಿಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ, ಜಿನನಾಥಪುರದ ನಮ್ಮ ಮನೆಯ ಜಗಲಿಗೆ ಯುವ ಶಿಕ್ಷಕಿಯೊಬ್ಬರು ಬಂದು ಕುಳಿತರು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗಾಗಿ ಮನೆಮನೆ ಸುತ್ತುತ್ತಿದ್ದರು. ನೀರು ಕುಡಿದು, ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು, ಮನೆಯಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಷ್ಟು ಎಂದು ಕೇಳಿದರು. ಇಬ್ಬರು ಎಂದೆ. ಯಾವ ಶಾಲೆ ಎಂದರು. ಯಾವ ಶಾಲೆಗೂ ಹೋಗುವುದಿಲ್ಲ, ಮನೆಯಲ್ಲಿಯೇ ಕಲಿಯುತ್ತಾರೆ ಎಂದೆ. ಅವರ ಪೆನ್ನು ನಿಂತಿತು. ‘ಸಾರ್, ಹಾಗಾದರೆ ಇವರನ್ನು ಯಾವ ಕಾಲಮ್ಮಿಗೆ ಬರೆಯಲಿ?’

ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವನು ನಾನು. ಇಂಥದೇ ಕಾಗದಗಳನ್ನು ಹಿಡಿದು ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲಿ ಅಲೆದವನು. ‘ಚಿಣ್ಣರ ಅಂಗಳ’ದ ದಿನಗಳಲ್ಲಿ ಕುರಿ ಕಾಯುತ್ತಿದ್ದ ಹುಡುಗರನ್ನೂ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡಿದ್ದ ಹುಡುಗಿಯರನ್ನೂ ಅವರ ತಂದೆತಾಯಿಗಳ ಕೈಕಾಲು ಹಿಡಿದು ಶಾಲೆಗೆ ಕರೆತಂದವನು. ಅಂಥವನ ಮೊಮ್ಮಕ್ಕಳೇ ಈಗ ಹೊರಗುಳಿದವರ ಪಟ್ಟಿಯ ಹೊಸ್ತಿಲಲ್ಲಿ ನಿಂತಿದ್ದರು.

ಇದು ಯೋಜನೆ ಹಾಕಿ ಆದದ್ದಲ್ಲ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಬೆಂಗಳೂರಿನಲ್ಲಿದ್ದ ಮಗ ಮತ್ತು ಸೊಸೆ ಊರಿಗೆ ಬಂದರು. ಮೊಮ್ಮಗಳು ಆಗಷ್ಟೇ ಒಂದನೆಯ ತರಗತಿಗೆ ಕಾಲಿಡಬೇಕಿತ್ತು. ಮೊಮ್ಮಗನಿಗೆ ಎರಡೂವರೆ ವರ್ಷ. ಮೊಬೈಲಿನ ಪರದೆಯಲ್ಲಿ ಮುಖಗಳನ್ನು ನೋಡುತ್ತಾ ಕೂರುತ್ತಿದ್ದ ಹುಡುಗಿ ಒಂದು ದಿನ ಅದನ್ನು ಮಗುಚಿಟ್ಟು ಅಜ್ಜಿಯೊಡನೆ ರಾಗಿ ಕೇರಲು ಎದ್ದುಹೋದಳು. ಮಗನ ಕೆಲಸ ಮನೆಯಿಂದಲೇ ನಡೆಯತೊಡಗಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಸೊಸೆ ಕೆಲಸ ಬಿಟ್ಟಳು. ಶಾಲೆಗಳು ಮತ್ತೆ ತೆರೆದಾಗ ‘ಇನ್ನೊಂದು ವರ್ಷ ನೋಡೋಣ ಮಾವ’ ಎಂದಳು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ನಮ್ಮ ವಾರ ಹೀಗೆ ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಕನ್ನಡ, ಗಣಿತ, ಇಂಗ್ಲಿಷು. ಪುಸ್ತಕಗಳು ಸರ್ಕಾರಿ ಶಾಲೆಯವೇ. ಕನ್ನಡ ನನ್ನದು, ಗಣಿತ ಮಗನದು, ಉಳಿದದ್ದು ಸೊಸೆಯದು. ಮಂಗಳವಾರ ಮಧ್ಯಾಹ್ನ ವಿಜ್ಞಾನ; ಅದು ಹೆಚ್ಚಾಗಿ ತೆಂಗಿನ ತೋಟದಲ್ಲಿ. ಒಂದು ಮೀಟರಿನ ಕೋಲನ್ನು ನೆಟ್ಟು ಅದರ ನೆರಳನ್ನು ಅಳೆದರು: 80 ಸೆಂಟಿಮೀಟರ್. ಅದೇ ಹೊತ್ತಿನಲ್ಲಿ ಮೂಲೆಯ ತೆಂಗಿನ ಮರದ ನೆರಳು 12 ಮೀಟರ್. ಹಾಗಾದರೆ ಮರ 15 ಮೀಟರ್ ಎತ್ತರ. ಅನುಪಾತದ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ನೂರಾರು ಸಲ ಮಾಡಿದ್ದೇನೆ. ಮರ ಹತ್ತದೆ ಮರ ಅಳೆಯಬಹುದು ಎಂದು ಹುಡುಗರಿಗೆ ತೋರಿಸಿರಲಿಲ್ಲ. ಬುಧವಾರ ಅಜ್ಜಿಯ ದಿನ. ಸೇರು-ಪಾವು, ಕಿಲೋ-ಗ್ರಾಮು, ಹುಳಿಗೆ ಬೇಳೆ ಎಷ್ಟು, ಹಿಟ್ಟು ಹುದುಗಲು ಚಳಿಗಾಲದಲ್ಲೇಕೆ ತಡ ಎಂಬುದೆಲ್ಲ ಅಡುಗೆಮನೆಯಲ್ಲಿ ಇತ್ಯರ್ಥವಾಗುತ್ತವೆ.

ಗುರುವಾರ ಬಸದಿಯ ದಿನ. ನಮ್ಮೂರು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಡಗಣ ಮಗ್ಗುಲಿನಲ್ಲಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಊರಿದು ಎನ್ನುತ್ತಾರೆ. ಇಲ್ಲಿನ ಶಾಂತಿನಾಥ ಬಸದಿಯನ್ನು ಹೊಯ್ಸಳರ ಕಾಲದಲ್ಲಿ, ಸುಮಾರು 1200ರ ಹೊತ್ತಿಗೆ, ರೇಚಿಮಯ್ಯನೆಂಬ ದಂಡನಾಯಕ ಕಟ್ಟಿಸಿದ. ಬೆಳಗೊಳದ ಬಸದಿಗಳ ಹೊರಗೋಡೆಗಳು ಸಾದಾ. ನಮ್ಮೂರಿನ ಈ ಬಸದಿಯ ಹೊರಗೋಡೆಯ ತುಂಬ ಜಿನರು, ಯಕ್ಷ-ಯಕ್ಷಿಯರು, ನರ್ತಕಿಯರು, ವಾದ್ಯಗಾರರು. ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಸ್ಸು ಹತ್ತುವವರು ಒಂದು ಮೈಲಿ ದೂರದ ಈ ಗೋಡೆಯನ್ನು ನೋಡುವುದು ಅಪರೂಪ. ಮೊಮ್ಮಕ್ಕಳು ವಾರಕ್ಕೊಂದು ಶಿಲ್ಪವನ್ನು ಆರಿಸಿ ಚಿತ್ರ ಬರೆಯುತ್ತಾರೆ, ಕೈಯಲ್ಲಿ ಏನಿದೆ ಎಂದು ಪಟ್ಟಿ ಮಾಡುತ್ತಾರೆ. ಒಂದೂವರೆ ವರ್ಷವಾದರೂ ಗೋಡೆ ಮುಗಿದಿಲ್ಲ.

ಶನಿವಾರ ಹೊರಸಂಚಾರ. ಚಿಕ್ಕಬೆಟ್ಟದ ಬಂಡೆಯ ಮೇಲಿನ ಶಾಸನಗಳ ಮುಂದೆ ಕೂರುವುದು ಹುಡುಗಿಗೆ ಇಷ್ಟ. ಈಗ ಬಳಕೆಯಲ್ಲಿಲ್ಲದ ‘ೞ’ ಅಕ್ಷರವನ್ನು ಮೊದಲ ಸಲ ಗುರುತಿಸಿದ ದಿನ, ‘ಇದು ಯಾವಾಗ ಸತ್ತುಹೋಯಿತು ತಾತ?’ ಎಂದು ಕೇಳಿದಳು. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳ ಸಂಪುಟವನ್ನು ಹೊರತಂದಾಗ ಅದರಲ್ಲಿದ್ದವು 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಕಲ್ಲುಗಳು ಅಲ್ಲಿಯೇ ಇದ್ದವು. ನೋಡುವ ಕಣ್ಣುಗಳು ಹೆಚ್ಚಿದವು ಎಂದು ಹೇಳಿದೆ. ದೊಡ್ಡಬೆಟ್ಟ ಹತ್ತುವಾಗ ಅಕ್ಕ-ತಮ್ಮ ಮೆಟ್ಟಿಲು ಎಣಿಸಿದರು. ಇಬ್ಬರ ಲೆಕ್ಕವೂ ಆರುನೂರು ದಾಟಿತು, ಆದರೆ ತಾಳೆಯಾಗಲಿಲ್ಲ. ಜಗಳವಾಯಿತು. ಮತ್ತೆ ಎಣಿಸಿದರು, ಮೂರನೆಯ ಸಂಖ್ಯೆ ಬಂತು. ಬಂಡೆಯಲ್ಲಿ ಕಡಿದ ಯಾವುದನ್ನು ಮೆಟ್ಟಿಲೆನ್ನಬೇಕು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕಿತ್ತೆಂದು ಕೊನೆಗೆ ಇಬ್ಬರಿಗೂ ಹೊಳೆಯಿತು. ತಿಂಗಳಿಗೊಮ್ಮೆ ದೂರದ ಪ್ರಯಾಣ: ಗೊರೂರಿನ ಹೇಮಾವತಿ ಅಣೆಕಟ್ಟು, ಅದರ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಇಗರ್ಜಿ, 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು.

ಇಷ್ಟು ಓದಿದವರಿಗೆ ಇದೊಂದು ಸುಖದ ಚಿತ್ರವೆನ್ನಿಸಬಹುದು. ಆದರೆ ಮೊಮ್ಮಗನಿಗೆ ಏಳು ತುಂಬಿದಾಗಲೂ ಓದು ಬಂದಿರಲಿಲ್ಲ. ಅಕ್ಷರ ಗುರುತಿಸುತ್ತಿದ್ದ, ಕೂಡಿಸುತ್ತಿರಲಿಲ್ಲ. ‘ಅವನ ಹೊತ್ತು ಬಂದಾಗ ಓದುತ್ತಾನೆ ಬಿಡಿ’ ಎಂದು ಮಗ ಹೇಳಿದರೆ ನನ್ನೊಳಗಿನ ಮೇಷ್ಟರಿಗೆ ನಿದ್ರೆ ಬರುತ್ತಿರಲಿಲ್ಲ. ನನ್ನ ತರಗತಿಯಲ್ಲಿದ್ದಿದ್ದರೆ ಇವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ನಾನು ತಾತ. ಮಗನ ಮಾತನ್ನು ಮೀರುವುದು ಹೇಗೆ? ಒಂದು ರಾತ್ರಿ ಇಬ್ಬರಿಗೂ ದೊಡ್ಡ ಮಾತುಗಳೇ ಆದವು. ಎರಡು ದಿನ ಮನೆಯಲ್ಲಿ ಪಾಠ ನಡೆಯಲಿಲ್ಲ.

ಮೂರನೆಯ ದಿನ ಅಟ್ಟದ ಮೇಲಿದ್ದ ಹಳೆಯ ನಲಿ-ಕಲಿ ಕಾರ್ಡುಗಳನ್ನು ಇಳಿಸಿದೆ. ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ ಆರಂಭಿಸಿದ ಕ್ರಮವಿದು; 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು. ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುವುದು ಅದರ ತಿರುಳು. ನಗರದ ಪೋಷಕರು ದೊಡ್ಡ ಶುಲ್ಕ ಕೊಟ್ಟು ಹುಡುಕುವ ‘ಮಗುಕೇಂದ್ರಿತ ಕಲಿಕೆ’ ನಮ್ಮ ಹೆಂಚಿನ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಪುಕ್ಕಟೆಯಾಗಿ ನಡೆಯುತ್ತಿತ್ತು ಎಂಬುದು ನನ್ನ ಮಗನಿಗೂ ಗೊತ್ತಿರಲಿಲ್ಲ. ಹುಡುಗ ನಾಲ್ಕು ತಿಂಗಳಲ್ಲಿ ಓದತೊಡಗಿದ. ಅವನ ಹೊತ್ತು ಬಂದಿತ್ತೋ, ಕಾರ್ಡುಗಳು ಕೈಹಿಡಿದವೋ ಎಂಬ ವಾದ ತಂದೆ-ಮಗನ ನಡುವೆ ಇನ್ನೂ ಉಳಿದಿದೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹೊರಗಿನಿಂದ. ಕೂಲಿ ಮಾಡುವ ನೆರೆಯವರೊಬ್ಬರು ಏಳನೆಯ ತರಗತಿ ಮುಗಿಸಿದ ಮಗಳನ್ನು ಮುಂದೆ ಕಳಿಸುವುದಿಲ್ಲವೆಂದರು. ಬುದ್ಧಿ ಹೇಳಲು ಹೋದೆ. ಅವರು ಒರಟಾಗಿ ಮಾತನಾಡಲಿಲ್ಲ. ನಿಜವಾಗಿಯೇ ಕೇಳಿದರು: ‘ಮೇಷ್ಟ್ರೇ, ನಿಮ್ಮ ಮೊಮ್ಮಕ್ಕಳೇ ಇಸ್ಕೂಲಿಗೆ ಹೋಗಲ್ಲ. ನನ್ನ ಮಗಳು ಏಳರ ತನಕ ಓದವಳೆ. ಸಾಕಲ್ವಾ?’

ಮೂವತ್ತೊಂದು ವರ್ಷ ನಾನು ಕೊಟ್ಟ ಉತ್ತರಗಳೆಲ್ಲ ನನ್ನ ಬಾಯಲ್ಲಿಯೇ ಒಣಗಿದವು. ಮರುದಿನ ಸೊಸೆ ತಾನೇ ಅವರ ಮನೆಗೆ ಹೋದಳು. ‘ನಾವು ಶಾಲೆ ಬಿಡಿಸಿಲ್ಲ ಅಣ್ಣ, ಶಾಲೆಯ ಕೆಲಸವನ್ನ ನಾಲ್ಕು ಜನ ಹಂಚಿಕೊಂಡಿದ್ದೀವಿ. ನೀವೂ ಅಕ್ಕನೂ ಬೆಳಗಾದರೆ ಕೂಲಿಗೆ ಹೋಗ್ತೀರಿ. ಇವಳಿಗೆ ಯಾರು ಹೇಳಿಕೊಡ್ತಾರೆ?’ ಎಂದಳಂತೆ. ಹುಡುಗಿ ಬೆಳಗೊಳದಲ್ಲಿ ಎಂಟನೆಯ ತರಗತಿಗೆ ಸೇರಿದಳು. ಅಂದಿನಿಂದ ಸಂಜೆ ಐದೂವರೆಗೆ ನಮ್ಮ ಜಗಲಿಯಲ್ಲಿ ಊರಿನ ಏಳೆಂಟು ಮಕ್ಕಳು ಮನೆಪಾಠ ಮಾಡಲು ಕೂರುತ್ತಾರೆ. ಮಗ್ಗಿಯನ್ನು ಒಕ್ಕೊರಲಿನಲ್ಲಿ ಹೇಳುವುದು, ಸರದಿ ಕಾಯುವುದು, ಸೋತು ನಗುವುದು ನನ್ನ ಮೊಮ್ಮಕ್ಕಳಿಗೆ ಬಂದದ್ದು ಈ ಮಕ್ಕಳಿಂದ. ಮನೆಯ ಯಾವ ಪಾಠದಿಂದಲೂ ಅದು ಬಂದಿರಲಿಲ್ಲ.

ಕಾನೂನು ಏನು ಹೇಳುತ್ತದೆ? 2002ರ 86ನೆಯ ತಿದ್ದುಪಡಿ ಸಂವಿಧಾನದ ಮೂಲಭೂತ ಕರ್ತವ್ಯಗಳಿಗೆ ಒಂದು ಮಾತನ್ನು ಸೇರಿಸಿತು: ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪೋಷಕರ ಕರ್ತವ್ಯ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಮು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದಿತು. ಸಂವಿಧಾನದಲ್ಲಿ ‘ಶಿಕ್ಷಣ’, ಕಾಯ್ದೆಯಲ್ಲಿ ‘ಶಾಲೆ’. ಸೇರಿಸದ ಪೋಷಕರಿಗೆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಮನೆಯಲ್ಲಿ ಕಲಿಸುವವರಿಗೆ ಅದರಲ್ಲಿ ಜಾಗವೂ ಇಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು. ಮೊಮ್ಮಗಳ ತಂದೆತಾಯಿ ನೆಚ್ಚಿಕೊಂಡಿರುವುದು ಆ ಬಾಗಿಲನ್ನೇ. ಬೇರೆ ದೇಶಗಳಲ್ಲೂ ಒಂದೇ ಮಾತಿಲ್ಲ: ಜರ್ಮನಿಯಲ್ಲಿ ಶಾಲಾ ಹಾಜರಾತಿ ಕಡ್ಡಾಯ, ಇಂಗ್ಲೆಂಡಿನ ಕಾನೂನು ಶಾಲೆಯಲ್ಲಿ ಅಥವಾ ಬೇರೆ ಬಗೆಯಲ್ಲಿ ಶಿಕ್ಷಣ ಕೊಡಿಸಲು ಅವಕಾಶ ನೀಡುತ್ತದೆ.

ಕನ್ನಡಕ್ಕೆ ಇದು ಹೊಸತೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ತಮ್ಮ ಮಕ್ಕಳಿಗೆ ಎಳವೆಯ ವರ್ಷಗಳಲ್ಲಿ ಮನೆಯಲ್ಲಿಯೇ ಕಲಿಯುವ ಸ್ವಾತಂತ್ರ್ಯ ಕೊಟ್ಟರು. ಆದರೆ ಅದೇ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದ್ದು ತಮ್ಮ ಮನೆಯ ಮಕ್ಕಳಿಗಾಗಿ ಮಾತ್ರವಲ್ಲ, ಕನ್ನಡ ಓದಬಲ್ಲ ಎಲ್ಲ ಮಕ್ಕಳಿಗಾಗಿ. ನಮ್ಮಂಥ ಕುಟುಂಬಗಳು ಅವರ ಹೆಸರನ್ನು ಹೇಳುವಾಗ ಈ ಎರಡನೆಯದನ್ನೂ ನೆನೆಯಬೇಕು.

ನನ್ನ ನಿಲುವು ಇಷ್ಟೆ. ಓದಿದ ತಂದೆತಾಯಿ, ಪಿಂಚಣಿ ಬರುವ ಮೇಷ್ಟರಾದ ತಾತ, ಮನೆಯೆದುರೇ ಎಂಟುನೂರು ವರ್ಷದ ಗೋಡೆ ಇರುವ ಮಕ್ಕಳು ಶಾಲೆಯಿಲ್ಲದೆಯೂ ಕಲಿತಾರು. ಇದು ಅನುಕೂಲಸ್ಥರ ಕಥೆ. ಶಾಲೆ ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಕೂಲಿಯವರ ಮಗಳಿಗೆ ಶಾಲೆಯೇ ಗ್ರಂಥಾಲಯ, ಪ್ರಯೋಗಾಲಯ, ಊಟದ ಮನೆ. ಬೇಗನೆ ಆಗಿಬಿಡಬಹುದಾದ ಮದುವೆಗೆ ಅಡ್ಡಗೋಡೆಯೂ ಹೌದು. 2013ರಲ್ಲಿ ಕರ್ನಾಟಕ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡದ್ದು ಇಂಥ ಮಕ್ಕಳಿಗಾಗಿ.

ಆದ್ದರಿಂದ ಮನೆಯಲ್ಲಿ ಕಲಿಸುವವರು ಸರ್ಕಾರದ ಕಣ್ಣು ತಪ್ಪಿಸಿ ಬದುಕುವುದೂ ಬೇಡ, ಸರ್ಕಾರ ಅವರನ್ನು ಕಂಡೂ ಕಾಣದಂತಿರುವುದೂ ಬೇಡ. ಸಮೀಕ್ಷೆಯಲ್ಲಿ ಅವರಿಗೊಂದು ಪ್ರತ್ಯೇಕ ಕಾಲಮ್ ಇರಲಿ. ಯಾರು, ಏನನ್ನು, ಎಷ್ಟು ಹೊತ್ತು ಕಲಿಸುತ್ತಾರೆಂದು ಪೋಷಕರು ಬರೆದುಕೊಡಲಿ. ವರ್ಷಕ್ಕೆರಡು ಸಲ ನೆರೆಯ ಶಾಲೆಯ ಶಿಕ್ಷಕರು ಬಂದು ಮಗುವಿನೊಡನೆ ಮಾತನಾಡಲಿ, ಓದಿಸಿ ನೋಡಲಿ. ಕಲಿಕೆ ನಡೆಯದ ಕಡೆ ಮಗುವನ್ನು ಶಾಲೆಗೆ ಸೇರಿಸುವ ಅಧಿಕಾರವೂ ಅವರಿಗಿರಲಿ. ಶಾಸನದ ಮುಂದೆ ಕುಳಿತ ಹುಡುಗಿಯನ್ನೂ ಕುರಿಯ ಹಿಂದೆ ಹೋದ ಹುಡುಗಿಯನ್ನೂ ಒಂದೇ ಕಾಲಮ್ಮಿಗೆ ಬರೆದರೆ ಅನ್ಯಾಯವಾಗುವುದು ಎರಡನೆಯವಳಿಗೆ. ಏಕೆಂದರೆ ಆ ಕಾಲಮ್ಮನ್ನು ನೋಡಿ ಗಾಬರಿಗೊಳ್ಳುವುದನ್ನು ಆಗ ನಾವು ಮರೆಯುತ್ತೇವೆ.

ಅಂದು ಶಿಕ್ಷಕಿ ಬಹಳ ಹೊತ್ತು ಯೋಚಿಸಿದರು. ಒಳಗಿನಿಂದ ಬಂದ ಮೊಮ್ಮಗಳು ತನ್ನ ಬಸದಿಯ ಪುಸ್ತಕವನ್ನು ತೋರಿಸಿದಳು; ಅವರು ಪುಟ ತಿರುವಿ ಮೆಚ್ಚಿದರು. ನಾನೇ ಹೇಳಿದೆ: ‘ಹೊರಗುಳಿದವರು ಎಂದೇ ಬರೆಯಿರಿ ಮೇಡಂ. ಷರಾದಲ್ಲಿ ಮನೆಯಲ್ಲಿ ಕಲಿಯುತ್ತಿದ್ದಾರೆ ಎಂದು ಸೇರಿಸಿ. ಮುಂದಿನ ವರ್ಷ ಮತ್ತೆ ಬನ್ನಿ, ಓದಿಸಿ ನೋಡಿ.’ ಅವರು ಹಾಗೆಯೇ ಬರೆದರು. ಕೆಳಗೆ ಮಾಹಿತಿ ನೀಡಿದವರ ಸಹಿಯ ಜಾಗವಿತ್ತು. ಇಷ್ಟು ವರ್ಷ ಬೇರೆಯವರಿಂದ ಆ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ ನಾನು ಅಂದು ನನ್ನ ಹೆಸರನ್ನು ಬರೆದು ಸಹಿ ಹಾಕಿದೆ.