ಮನೆಯ ಸಿನಿಮಾಕ್ಕೆ ಟಿ.ವಿ.ಯೋ, ಪ್ರೊಜೆಕ್ಟರೋ?

ಮಕ್ಕಳೇ, ಹಿಂದೆ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕತ್ತಲಾದ ಮೇಲೆಯೇ ಸಿನಿಮಾ ಶುರುವಾಗುತ್ತಿತ್ತು. ಏಕೆ ಗೊತ್ತೇ?

ಪ್ರೊಜೆಕ್ಟರ್ ಬಿಳಿ ಪರದೆಯ ಮೇಲೆ ಬೆಳಕು ಚೆಲ್ಲುತ್ತದೆ. ಕಪ್ಪನ್ನು ಚೆಲ್ಲಲಾರದು! ಬೆಳಕು ಬೀಳದ ಜಾಗವೇ ನಮಗೆ ಕಪ್ಪಾಗಿ ಕಾಣುತ್ತದೆ. ಅಲ್ಲಿ ಹಗಲಿನ ಬೆಳಕು ಬಿದ್ದರೆ ಚಿತ್ರ ಮಂಕಾಗುತ್ತದೆ. ಟಿ.ವಿ.ಯ ಪರದೆ ಮೊದಲೇ ಕಪ್ಪು. ಆದ್ದರಿಂದ ಹಗಲಿನಲ್ಲೂ ಚಿತ್ರ ಸ್ಪಷ್ಟವಾಗಿರುತ್ತದೆ.

ಮಾಡಿ ನೋಡಿ: ಕತ್ತಲೆ ಕೋಣೆಯಲ್ಲಿ ಗೋಡೆಗೆ ಟಾರ್ಚ್ ಬಿಡಿ. ದೂರವನ್ನು 2 ಪಟ್ಟು ಮಾಡಿ. ಬೆಳಕಿನ ವೃತ್ತದ ವಿಸ್ತೀರ್ಣ ಸುಮಾರು 4 ಪಟ್ಟಾಗಿ, ಪ್ರಖರತೆ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರೊಜೆಕ್ಟರಿನ ಚಿತ್ರವೂ ಹಾಗೆಯೇ, ದೊಡ್ಡದಾದಷ್ಟೂ ಮಸುಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಿರುಬಿಸಿಲಿನ ಹಗಲಿಗೆ ಟಿ.ವಿ.ಯೇ ಸರಿ. ರಾತ್ರಿ ಓಣಿಯವರೆಲ್ಲ ಅಂಗಳದಲ್ಲಿ ಕೂಡಿ ನೋಡಲು ಪ್ರೊಜೆಕ್ಟರ್ ಸರಿ. ನಿಮ್ಮ ಮನೆಗೆ ಯಾವುದು? ಯೋಚಿಸಿ.