ಕಾಯ್ದ ತಂತಿಯನ್ನು ಅಳೆಯುವುದು: ಕರೆಂಟೆಷ್ಟು, ಬಿಸಿಯೆಷ್ಟು?

ಫೆಬ್ರವರಿ ಮುಗಿಯುತ್ತ ಬಂದರೆ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸುತ್ತಿನ ಕಾಫಿ ಬೆಳೆಗಾರರೆಲ್ಲ ಮುಗಿಲು ನೋಡತೊಡಗುತ್ತಾರೆ. ಹೂಮಳೆ ತಡವಾಯಿತೆಂದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾರಿಸಲೇಬೇಕು. ಮೊಗ್ಗು ಎಲ್ಲರ ತೋಟದಲ್ಲೂ ಒಂದೇ ಹೊತ್ತಿಗೆ ನೀರು ಕೇಳುವುದರಿಂದ ಕೆರೆ, ಹಳ್ಳ, ಹೊಳೆಗಳ ಪಕ್ಕದ ಮೋಟರುಗಳು ಒಂದೇ ವಾರ ಓಡತೊಡಗುತ್ತವೆ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುವ, ತಂತಿಗೆ ತಂತಿ ಜೋಡಿಸುವ ಜಂಪರ್ ಕಡಿದು ಬೀಳುವ ಸುಗ್ಗಿಯೂ ಅದೇ. ‘ಓವರ್‌ಲೋಡ್ ಆಯ್ತು’ ಎಂದು ಒಂದೇ ಮಾತಿನಲ್ಲಿ ಕಾರಣ ಹೇಳಿ ಮುಗಿಸುವುದು ವಾಡಿಕೆ. ಆದರೆ ಎಷ್ಟೋ ಸಲ ಇಡೀ ಲೈನು ಆ ಹೊರೆಯನ್ನು ತಾಳುತ್ತದೆ, ತಾಳದಿರುವುದು ಎಲ್ಲೋ ಒಂದು ಜಾಯಿಂಟು. ಅದನ್ನು ಸುಡುವ ಮೊದಲೇ ಹಿಡಿಯುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯ.

ಮೊದಲು ಸ್ವಲ್ಪ ಲೆಕ್ಕ

ವೋಲ್ಟೇಜು ಎಂದರೆ ದೂಡುವ ಒತ್ತಡ, ಕರೆಂಟು ಎಂದರೆ ಹರಿಯುವ ಪ್ರಮಾಣ. ತಂತಿ ಬಿಸಿಯಾಗುವುದು ಕರೆಂಟಿನಿಂದ. ಕರೆಂಟಿನ ವರ್ಗವನ್ನು ತಂತಿಯ ರೋಧದಿಂದ ಗುಣಿಸಿದರೆ ಹುಟ್ಟುವ ಶಾಖ ಎಷ್ಟು ವಾಟ್ ಎಂಬುದು ಸಿಗುತ್ತದೆ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮುಂದಿನದೆಲ್ಲ ಈ ವರ್ಗದ ಆಟವೇ.

11 ಕಿಲೋವೋಲ್ಟಿನ ಎಚ್.ಟಿ. ತಂತಿಯಲ್ಲೇ ಕರೆಂಟು ಹೆಚ್ಚು ಎಂದು ಬಹಳ ಜನ ನಂಬಿರುತ್ತಾರೆ. ಲೆಕ್ಕ ಹಾಕಿ ನೋಡಿ. 100 ಕೆವಿಎ ಟಿ.ಸಿ. ಪೂರ್ತಿ ಹೊರೆ ಹೊತ್ತಾಗ ಅದರ 11 ಕಿಲೋವೋಲ್ಟ್ ಬದಿಯಲ್ಲಿ ಪ್ರತಿ ಫೇಸಿನಲ್ಲಿ ಹರಿಯುವುದು ಬರೀ ಐದೂಕಾಲು ಆಂಪಿಯರ್. 433 ವೋಲ್ಟಿನ ಕೆಳಬದಿಯಲ್ಲಿ ಹರಿಯುವುದು ಸುಮಾರು 133 ಆಂಪಿಯರ್. ಹತ್ತು ಎಚ್‌ಪಿಯ ಮೋಟರು ಪೂರ್ತಿ ಹೊರೆಯಲ್ಲಿ 14-15 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ, ಒಂಬತ್ತು ಮೋಟರಿಗೆ ಆ ಟಿ.ಸಿ. ತುಂಬಿಹೋಯಿತು. ಮುಟ್ಟಿದರೆ ಕೊಲ್ಲುವ ವಿಷಯದಲ್ಲಿ ಎರಡು ಬದಿಯೂ ಒಂದೇ. ಆದರೆ ಬಿಸಿಯ ಕಾಟ ಹೆಚ್ಚಾಗಿ ಕೆಳಬದಿಯ ಲಗ್ಗು, ಫ್ಯೂಸ್, ಬೋಲ್ಟುಗಳಲ್ಲಿ. ನೂರಾರು ಟಿ.ಸಿ.ಗಳ ಕರೆಂಟು ಒಟ್ಟಾಗಿ ಹೊರಡುವ ಸಬ್‌ಸ್ಟೇಷನ್ ಬಳಿಯ ಎಚ್.ಟಿ. ಫೀಡರಿನ ಮಾತು ಬೇರೆ.

ಟಾಂಗ್ ಟೆಸ್ಟರಿನ ದವಡೆ

ತಂತಿ ಕತ್ತರಿಸದೆ ಕರೆಂಟು ಅಳೆಯುವ ಸಾಧನ ಟಾಂಗ್ ಟೆಸ್ಟರ್. ಕರೆಂಟು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆ. ಎ.ಸಿ. ಕರೆಂಟಿನಲ್ಲಿ ಅದು ಸೆಕೆಂಡಿಗೆ 50 ಆವರ್ತ ತಿರುಗುಮುರುಗಾಗುತ್ತದೆ. ಸಾಧನದ ದವಡೆಯೊಳಗಿನ ಕಬ್ಬಿಣದ ಉಂಗುರ ಆ ಕ್ಷೇತ್ರವನ್ನು ಹಿಡಿದು, ತನ್ನ ಮೇಲೆ ಸುತ್ತಿದ ಸಣ್ಣ ತಂತಿಯಲ್ಲಿ ಕರೆಂಟು ಹುಟ್ಟಿಸುತ್ತದೆ. ಸುತ್ತು ಸಾವಿರವಿದ್ದರೆ 133 ಆಂಪಿಯರ್ ಬದಲು 0.133 ಆಂಪಿಯರ್ ಸಿಗುತ್ತದೆ, ಅದನ್ನು ಅಳೆಯುವುದು ಸುಲಭ. ಸಬ್‌ಸ್ಟೇಷನ್ನಿನ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಮಾಡುವುದೂ ಇದನ್ನೇ. ಲೈನಿನಲ್ಲಿ ಕರೆಂಟಿರುವಾಗ ಸಿ.ಟಿ.ಯ ಸಣ್ಣ ತಂತಿಯ ತುದಿಗಳನ್ನು ಬಿಚ್ಚಿಟ್ಟರೆ ಅಲ್ಲಿ ಪ್ರಾಣಾಂತಿಕ ವೋಲ್ಟೇಜು ಏಳುತ್ತದೆ ಎಂಬುದು ಪ್ರತಿ ಹೊಸ ಕೆಲಸಗಾರನಿಗೆ ಕಲಿಸುವ ಮೊದಲ ಪಾಠ.

ಹೊಸಬರು ಎಡವುವುದು ಇನ್ನೊಂದು ಕಡೆ. ಮೋಟರಿನ ಕೇಬಲನ್ನು ಇಡಿಯಾಗಿ ದವಡೆಗೆ ಕೊಡುತ್ತಾರೆ. ಮೋಟರು ಗುಂಯ್‌ಗುಡುತ್ತಿದೆ, ಮೀಟರು ಸೊನ್ನೆ ತೋರಿಸುತ್ತಿದೆ! ಮೂರು ಫೇಸಿನ ಕರೆಂಟುಗಳನ್ನು ಕೂಡಿದರೆ ಯಾವ ಕ್ಷಣದಲ್ಲೂ ಮೊತ್ತ ಸೊನ್ನೆಯೇ. ಹೋಗುವ ಕರೆಂಟಿನ ಕ್ಷೇತ್ರವನ್ನು ಮರಳುವ ಕರೆಂಟಿನ ಕ್ಷೇತ್ರ ಅಳಿಸಿಹಾಕುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ತಂತಿ ದವಡೆಯೊಳಗೆ ಇರಬೇಕು. ಈ ಸೊನ್ನೆಯೂ ಉಪಯೋಗಕ್ಕೆ ಬರುತ್ತದೆ. ಇಡೀ ಕೇಬಲ್ ಹಿಡಿದಾಗ ಸೊನ್ನೆ ಬಾರದಿದ್ದರೆ, ಹೋದ ಕರೆಂಟಿನಲ್ಲಿ ಸ್ವಲ್ಪ ನೆಲಕ್ಕೆ ಸೋರುತ್ತಿದೆ ಎಂದರ್ಥ. ಮನೆಯಲ್ಲಿ 30 ಮಿಲಿಆಂಪಿಯರ್ ಸೋರಿದರೆ ಟಪ್ಪನೆ ಬೀಳುವ ಸ್ವಿಚ್ಚು ಇದೇ ತತ್ವದ್ದು. ತೋಟಕ್ಕೆ ಸೋಲಾರ್ ಪಂಪು ಹಾಕಿಸಿದವರಿಗೆ ಒಂದು ಮಾತು: ಪ್ಯಾನೆಲ್ಲಿನಿಂದ ಬರುವುದು ಡಿ.ಸಿ., ಅದಕ್ಕೆ ಸಾಮಾನ್ಯ ಟಾಂಗ್ ಟೆಸ್ಟರ್ ಆಗದು. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಬಳಸುವ ಮಾದರಿ ಬೇಕು.

ಮಳೆಗಾಲದ ಗಾಯ, ಬೇಸಿಗೆಯ ಜ್ವರ

ನಮ್ಮ ಲೈನುಗಳದು ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳಿರುವ ತಂತಿ. ಅವುಗಳ ಗಾತ್ರಕ್ಕೊಂದು ಪ್ರಾಣಿಯ ಹೆಸರು: ಸ್ಕ್ವಿರಲ್, ವೀಸೆಲ್, ರ‍್ಯಾಬಿಟ್, ಕೊಯೋಟೆ, ಪ್ಯಾಂಥರ್, ಮೂಸ್. ಕಾಡಿನ ನಡುವೆ ಎಳೆದ ಲೈನಿಗೆ ಇಂಥ ಹೆಸರು ಬಿದ್ದದ್ದು ನನಗಂತೂ ಖುಷಿ. ತಂತಿ ಉದ್ದಕ್ಕೂ ಸಮನಾಗಿರುವುದರಿಂದ ಅದರ ಬಿಸಿಯೂ ಸಮ. ತೊಂದರೆ ಬರುವುದು ತಂತಿಗೆ ತಂತಿ ಸೇರುವ ಕಡೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕೂಡಲೇ ತೆಳ್ಳನೆಯ ಆಕ್ಸೈಡ್ ಪೊರೆ ಹೊದೆಯುತ್ತದೆ, ಆ ಪೊರೆ ವಿದ್ಯುತ್ತನ್ನು ಹರಿಯಗೊಡದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆಯಲ್ಲಿ, ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ನೇರ ಗಂಟು ಹಾಕಿದ ಜಾಗದಲ್ಲಿ, ಅಲ್ಯೂಮಿನಿಯಂ ಸವೆಯುತ್ತದೆ.

ಒಳ್ಳೆಯ ಜಾಯಿಂಟಿನ ರೋಧ 100 ಮೈಕ್ರೋಓಮ್ ಎಂದಿಟ್ಟುಕೊಳ್ಳಿ. 133 ಆಂಪಿಯರಿಗೆ ಅಲ್ಲಿ ಹುಟ್ಟುವ ಶಾಖ ಎರಡು ವಾಟೂ ಇಲ್ಲ. ಅದೇ ರೋಧ ಹಾಳಾಗಿ 10 ಮಿಲಿಓಮಿಗೆ ಏರಿದರೆ 177 ವಾಟ್. ಹಿಡಿಯಷ್ಟು ಲೋಹದಲ್ಲಿ ಅಷ್ಟು ಶಾಖ! ಬಿಸಿಯಾದಂತೆ ಆಕ್ಸೈಡ್ ದಪ್ಪವಾಗುತ್ತದೆ, ರೋಧ ಏರುತ್ತದೆ, ಬಿಸಿ ಇನ್ನೂ ಏರುತ್ತದೆ. ಮಳೆಗಾಲದಲ್ಲಿ ಆದ ಗಾಯ ಹೂಮಳೆ ಕಾಯುವ ವಾರಗಳಲ್ಲಿ ಜ್ವರವಾಗಿ ಏರುವುದು ಹೀಗೆ.

ತಂತಿಯೇ ಉದ್ದಕ್ಕೂ ಕಾಯ್ದರೆ ಇನ್ನೊಂದು ಅಪಾಯ. 60 ಮೀಟರ್ ಅಂತರದ ಎರಡು ಕಂಬಗಳ ನಡುವಿನ ತಂತಿ 40 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು ನಾಲ್ಕೈದು ಸೆಂಟಿಮೀಟರ್ ಅಷ್ಟೇ. ಆದರೆ 60 ಸೆಂಟಿಮೀಟರ್ ಇದ್ದ ಜೋಲು ಇದರಿಂದ ಇನ್ನೂ ಅರ್ಧ ಮೀಟರಿನಷ್ಟು ಕೆಳಗಿಳಿಯುತ್ತದೆ. ಮೆಣಸು ಕೊಯ್ಯಲು, ಸಿಲ್ವರ್ ಓಕ್ ಸವರಲು ಅಲ್ಯೂಮಿನಿಯಂ ಏಣಿ ಎತ್ತುವವರಿಗೂ, ತೋಟ ಹಾಯುವ ಆನೆಗೂ ಆ ಅರ್ಧ ಮೀಟರು ಪ್ರಾಣದ ಲೆಕ್ಕ.

ಹೊಳೆಯುವ ಲೋಹ ಹೇಳುವ ಸುಳ್ಳು

ಎತ್ತರದ ತಂತಿಗೆ ಥರ್ಮಾಮೀಟರ್ ಕಟ್ಟಲಾಗದು. ಬಿಸಿ ವಸ್ತು ಹೊಮ್ಮಿಸುವ ಅವಕೆಂಪು ಕಿರಣಗಳನ್ನು ದೂರದಿಂದ ಅಳೆಯುವುದೇ ದಾರಿ. ಈಗ ಪಿಸ್ತೂಲಿನ ಆಕಾರದ ಥರ್ಮಾಮೀಟರ್ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ತಂತಿಗೆ ಗುರಿಯಿಟ್ಟು ‘ತಣ್ಣಗಿದೆ’ ಎಂದು ನಿಶ್ಚಿಂತರಾಗುವವರಿದ್ದಾರೆ. ಇಲ್ಲಿ ಎರಡು ಮೋಸವಿದೆ, ಎರಡನ್ನೂ ನಿಧಾನವಾಗಿ ನೋಡೋಣ.

ಮೊದಲನೆಯದು ನೋಟದ ಅಗಲ. ಅದರ ಕೆಂಪು ಚುಕ್ಕೆ ಸಣ್ಣದಿದ್ದರೂ ಅದು ಅಳೆಯುವ ಜಾಗ ಸಣ್ಣದಲ್ಲ. 12:1 ಎಂದು ಮುದ್ರಿಸಿದ ಸಾಧನ ಆರು ಮೀಟರ್ ದೂರದಲ್ಲಿ ಅರ್ಧ ಮೀಟರ್ ಅಗಲದ ವೃತ್ತದ ಸರಾಸರಿ ಕೊಡುತ್ತದೆ. ರ‍್ಯಾಬಿಟ್ ತಂತಿಯ ದಪ್ಪ 10 ಮಿಲಿಮೀಟರ್. ಆ ವೃತ್ತದಲ್ಲಿ ತಂತಿಯ ಪಾಲು ನೂರಕ್ಕೆ ಎರಡೋ ಮೂರೋ, ಉಳಿದದ್ದು ಆಕಾಶ. ಬೇಸಿಗೆಯ ನಿರ್ಮಲ ಆಕಾಶ ಈ ಕಿರಣಗಳಲ್ಲಿ ಬಲು ತಣ್ಣಗೆ ಕಾಣುತ್ತದೆ. ನೀವು ಅಳೆದದ್ದು ತಂತಿಯನ್ನಲ್ಲ, ಆಕಾಶವನ್ನು.

ಎರಡನೆಯದು ನನ್ನ ಅಚ್ಚುಮೆಚ್ಚಿನ ವಿಷಯ. ಒಂದೇ ಬಿಸಿಯಲ್ಲಿರುವ ಎಲ್ಲ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಕಿರಣ ಹೊಮ್ಮಿಸುವುದಿಲ್ಲ. ಮಸಿ ಹಿಡಿದ, ಒರಟು ಮೈ ಹೆಚ್ಚು ಹೊಮ್ಮಿಸುತ್ತದೆ. ಹೊಳೆಯುವ ಲೋಹ ಹೊಮ್ಮಿಸುವುದು ತೀರಾ ಕಡಿಮೆ, ಸುತ್ತಲಿನ ಕಿರಣಗಳನ್ನು ಕನ್ನಡಿಯಾಗಿ ಪ್ರತಿಫಲಿಸುವುದೇ ಹೆಚ್ಚು. ಮನೆಯಲ್ಲೇ ನೋಡಬಹುದು. ಹೊಳೆಯುವ ಸ್ಟೀಲ್ ಪಾತ್ರೆಯ ಹೊರಮೈಗೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಕುದಿನೀರು ತುಂಬಿ, ಹತ್ತಿರದಿಂದ ಅಳೆಯಿರಿ. ಟೇಪಿನ ಮೇಲೆ 85-90 ಡಿಗ್ರಿ ಬಂದರೆ, ಪಕ್ಕದ ಬರಿ ಸ್ಟೀಲಿನ ಮೇಲೆ 35-40ರ ಆಸುಪಾಸು ಬರುತ್ತದೆ. ಪಾತ್ರೆ ಒಂದೇ, ನೀರು ಒಂದೇ! ಹೊಸ ಅಲ್ಯೂಮಿನಿಯಂ ತಂತಿಯೂ ಹೀಗೇ ತಣ್ಣಗಿರುವಂತೆ ನಟಿಸುತ್ತದೆ. ಹಳೆಯ, ಕಂದಿದ ತಂತಿ ಹೆಚ್ಚು ಪ್ರಾಮಾಣಿಕ.

ಅದಕ್ಕೇ ತಿಳಿದವರು ಒಂದೇ ಅಂಕಿಯನ್ನು ನಂಬುವುದಿಲ್ಲ. ಥರ್ಮಲ್ ಕ್ಯಾಮೆರಾದಲ್ಲಿ ಮೂರು ಫೇಸಿನ ಜಾಯಿಂಟುಗಳನ್ನು ಅಕ್ಕಪಕ್ಕ ನೋಡುತ್ತಾರೆ. ಅವುಗಳ ವಯಸ್ಸು, ಹೊಳಪು, ಕರೆಂಟು ಸಮವಿದ್ದೂ ಒಂದು ಮಾತ್ರ ಬೇರೆ ತೋರಿದರೆ ರೋಗ ಅಲ್ಲಿದೆ. ಬಿಸಿಲಿನ ಗೊಂದಲ ತಪ್ಪಿಸಲು ಹೊತ್ತು ಮುಳುಗಿದ ಮೇಲೆ ನೋಡುತ್ತಾರೆ. ಮಂಜು ಕವಿದಿದ್ದರೆ ನೋಡುವುದಿಲ್ಲ, ನೀರಹನಿ ಅವಕೆಂಪನ್ನು ಹೀರಿಬಿಡುತ್ತದೆ.

ಎರಡು ಅಂಕಿ ಒಟ್ಟಿಗೆ

ಅಕ್ಟೋಬರಿನಲ್ಲಿ 40 ಆಂಪಿಯರ್ ಹರಿಯುವಾಗ ಒಂದು ಜಾಯಿಂಟು ಪಕ್ಕದ್ದಕ್ಕಿಂತ 12 ಡಿಗ್ರಿ ಬಿಸಿ ಎನ್ನೋಣ. ‘ಹನ್ನೆರಡು ತಾನೆ’ ಎನಿಸುತ್ತದೆ. ಮಾರ್ಚಿನಲ್ಲಿ ಅದರಲ್ಲೇ 120 ಆಂಪಿಯರ್ ಹರಿಯುತ್ತದೆ. ಕರೆಂಟು ಮೂರು ಪಟ್ಟು, ಶಾಖ ಒಂಬತ್ತು ಪಟ್ಟು, ವ್ಯತ್ಯಾಸ ಲೆಕ್ಕದ ಮೇಲೆ ನೂರು ಡಿಗ್ರಿ ದಾಟುತ್ತದೆ. ನಿಜದಲ್ಲಿ ತುಸು ಕಡಿಮೆಯಾದರೂ ಸುಡಲು ಅಷ್ಟು ಸಾಕು. ಗಾಳಿ ಚೆನ್ನಾಗಿ ಬೀಸಿದರೆ ಬಿಸಿಯ ಏರಿಕೆ ಅರ್ಧಕ್ಕಿಳಿಯಬಹುದು. ಹೀಗಾಗಿ ಕರೆಂಟು ಬರೆಯದೆ ಬರೆದ ಬಿಸಿ ಅರ್ಧ ಮಾಹಿತಿ, ಗಾಳಿಯನ್ನೂ ಬರೆಯದಿದ್ದರೆ ಇನ್ನೂ ಕಡಿಮೆ.

ಇದೇ ವಿದ್ಯೆಯ ಇನ್ನೊಂದು ತುದಿ ಬೆಂಗಳೂರಿಗೆ ತಾಗುತ್ತದೆ. ಸಿ.ವಿ. ರಾಮನ್ ತಾವು ಕಂಡ ಬೆಳಕಿನ ಹೊಸ ಚದುರುವಿಕೆಯ ಬಗ್ಗೆ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದು ಆ ಊರಿನಲ್ಲಿ. ಇಂದು ಭಾರಿ ಸಾಮರ್ಥ್ಯದ ನೆಲದಡಿ ಕೇಬಲ್‌ಗಳ ಜೊತೆ ಗಾಜಿನ ಎಳೆ ಹಾಕಿ, ಅದರೊಳಗೆ ಲೇಸರ್ ಮಿಡಿತ ಕಳುಹಿಸುತ್ತಾರೆ. ಹಿಂದೆ ಚದುರಿ ಬರುವ ರಾಮನ್ ಬೆಳಕಿನ ಒಂದು ಭಾಗ ಬಿಸಿ ಏರಿದಂತೆ ಪ್ರಖರವಾಗುತ್ತದೆ. ಬೆಳಕು ಮರಳಲು ಹಿಡಿದ ಸಮಯದಿಂದ ಜಾಗ ತಿಳಿಯುತ್ತದೆ, 10 ನ್ಯಾನೊಸೆಕೆಂಡಿಗೆ ಒಂದು ಮೀಟರ್. ಒಂದೇ ಎಳೆ, ಕಿಲೋಮೀಟರುಗಟ್ಟಲೆ ಥರ್ಮಾಮೀಟರ್!

ಮಲೆನಾಡಿಗೆ ಅಷ್ಟು ದುಬಾರಿ ಸಾಧನ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು: ದಿನಾಂಕ, ಕರೆಂಟು, ಬಿಸಿ, ಗಾಳಿ-ಮಳೆ. ಲೈನಿನ ಹತ್ತಿರ ಹೋಗುವುದು, ಟಾಂಗ್ ಹಿಡಿಯುವುದು ತರಬೇತಾದವರ ಕೆಲಸ, ನೀವು ಮಾಡಬೇಡಿ. ಆದರೆ ನಮ್ಮ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಲೈನ್‌ಮನ್‌ಗಳ ಜೊತೆ ಸೇರಿ ಒಂದು ಫೀಡರನ್ನು ಮಳೆ ನಿಂತ ಮೇಲಿಂದ ಹೂಮಳೆಯ ತನಕ ಹೀಗೆ ಗಮನಿಸಿದರೆ, ಯಾವ ಬಗೆಯ ಕ್ಲಾಂಪು ಈ ಮಳೆಯಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೆ ನಮ್ಮದೇ ನೆಲದ ಉತ್ತರ ಸಿಗುತ್ತದೆ. ಆಸಕ್ತಿಯಿರುವವರು ಬರುವ ಅಕ್ಟೋಬರಿನಲ್ಲೇ ಶುರುಮಾಡಿ.