ಮೌಲ್ಯಗಳಿಗೆ ನಿಜವಾದ ಪರೀಕ್ಷೆ ಯಾವಾಗ?

ಪ್ರಾಮಾಣಿಕತೆ, ನ್ಯಾಯ, ಕರ್ತವ್ಯನಿಷ್ಠೆ ತಮ್ಮ ಮೌಲ್ಯಗಳೆಂದು ಹೇಳಿಕೊಳ್ಳದವರು ವಿರಳ. ಒಳಿತು-ಕೆಡುಕುಗಳ ನಡುವಿನ ಆಯ್ಕೆ ಅಷ್ಟೇನೂ ಕಠಿಣವಲ್ಲ. ಎರಡು ಒಳಿತುಗಳು ಎದುರುಬದುರಾದಾಗಲೇ ವ್ಯಕ್ತಿಯ ಮೌಲ್ಯಗಳಿಗೆ ನಿಜವಾದ ಪರೀಕ್ಷೆ. ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವಿದೆ.

1912ರಲ್ಲಿ ದಿವಾನರಾದ ಎಂ. ವಿಶ್ವೇಶ್ವರಯ್ಯ ಅವರಿಗೆ ಅರ್ಹತೆಯೇ ಆಡಳಿತದ ಅಡಿಗಲ್ಲು. ಮೊದಲು ಶಿಕ್ಷಣ ಎಲ್ಲರನ್ನೂ ತಲುಪಲಿ, ನೇಮಕದಲ್ಲಿ ಮಾತ್ರ ರಿಯಾಯಿತಿ ಬೇಡ ಎಂಬುದು ಅವರ ನಿಲುವಾಗಿತ್ತು. ಇತ್ತ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಪಾಲು ಇದ್ದುದರಿಂದ ಉಳಿದ ಸಮುದಾಯಗಳು ತಮ್ಮ ಪಾಲನ್ನು ಕೇಳತೊಡಗಿದ್ದವು. ತಲೆಮಾರುಗಳಿಂದ ಅವಕಾಶವನ್ನೇ ಕಾಣದವರು ಇನ್ನೆಷ್ಟು ಕಾಲ ಕಾಯಬೇಕು ಎಂಬ ಪ್ರಶ್ನೆಯಲ್ಲಿಯೂ ನ್ಯಾಯವಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಆ ಪ್ರಶ್ನೆಗೆ ಕಿವಿಗೊಟ್ಟರು. 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಈ ಭಿನ್ನಾಭಿಪ್ರಾಯದ ನಡುವೆ ಅದೇ ವರ್ಷ ವಿಶ್ವೇಶ್ವರಯ್ಯ ದಿವಾನಗಿರಿಯನ್ನು ತೊರೆದರು. 1919ರಲ್ಲಿ ಸಮಿತಿಯ ವರದಿ ಬಂದಿತು; ಮುಂದೆ ಸಂಸ್ಥಾನದಲ್ಲಿ ಮೀಸಲಾತಿಗೆ ಅದೇ ಬುನಾದಿಯಾಯಿತು.

ಯಾರ ನಿಲುವು ಸರಿ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಇಬ್ಬರೂ ತಾವು ನಂಬಿದ್ದಕ್ಕೆ ಬೆಲೆ ತೆತ್ತರು ಎಂಬುದು ಗಮನಾರ್ಹ. ಒಬ್ಬರು ಅಧಿಕಾರವನ್ನು ಬಿಟ್ಟರು, ಮತ್ತೊಬ್ಬರು ಸಮರ್ಥ ದಿವಾನರನ್ನು ಕಳೆದುಕೊಂಡರು.

ಕತೆ ಅಲ್ಲಿಗೇ ಮುಗಿಯಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸಂಕಷ್ಟದಲ್ಲಿದ್ದಾಗ ಸರ್ಕಾರ ಅವರನ್ನೇ ಕರೆಯಿತು. ಅವರು ಒಪ್ಪಿ, ಅದರ ಹೊಣೆ ಹೊತ್ತರು. ಭಿನ್ನಾಭಿಪ್ರಾಯ ಹಗೆತನವಾಗಿ ಬೆಳೆಯಲಿಲ್ಲ.

ಮೌಲ್ಯವೆಂದರೆ ಹಠವಲ್ಲ. ತನ್ನ ನಂಬಿಕೆಗೆ ತಾನೇ ಬೆಲೆ ತೆರುವುದು, ಎದುರಿನವರ ನಂಬಿಕೆಯನ್ನು ಗೌರವಿಸುವುದು - ಇವೆರಡೂ ಕೂಡಿದಾಗಲೇ ಅದು ಮೌಲ್ಯ.